ಒಂದು ಗೋಡೆ, ಎರಡು ಪಂಚಾಂಗ

ವಯನಾಡಿನ ಕನ್ನಡ ಮನೆಗಳಿಗೆ ಎರಡು ಕಾಲಗಣನೆಗಳ ಬಳಕೆ ಹೊಸತಲ್ಲ. ಒಂದು, ಮೈಸೂರು ಸೀಮೆಯಿಂದ ಬಂದ ಚಾಂದ್ರಮಾನ ಪಂಚಾಂಗ, ಇನ್ನೊಂದು, ಕ್ರಿ.ಶ. 825ರಿಂದ ಎಣಿಸುತ್ತ ಬಂದ ಕೊಲ್ಲವರ್ಷದ ಮಲಯಾಳ ಕ್ಯಾಲೆಂಡರು. ಒಂದರಲ್ಲಿ ಚೈತ್ರ ತೊಡಗುವಾಗ ಇನ್ನೊಂದರಲ್ಲಿ ಮೀನಮಾಸ ನಡೆದಿರುತ್ತದೆ. ಯಾವುದು ಸರಿಯೆಂದು ಮಕ್ಕಳು ಕೇಳಿದರೆ ಎರಡೂ ಸರಿಯೆನ್ನಬೇಕು. ಅಳೆಯುವ ಕೋಲು ಮಾತ್ರ ಬೇರೆ.

ಸೌರಮಾನವು ಸೂರ್ಯನು ರಾಶಿಯಿಂದ ರಾಶಿಗೆ ಸಂಕ್ರಮಿಸುವುದನ್ನು ಎಣಿಸುತ್ತದೆ. ಆದ್ದರಿಂದಲೇ ವಿಷುವು 2024ರಲ್ಲಿಯೂ 2025ರಲ್ಲಿಯೂ ಏಪ್ರಿಲ್ 14ರಂದೇ ಬಂದಿತು. ಚಾಂದ್ರಮಾನವು ಸೂರ್ಯಚಂದ್ರರ ನಡುವಣ ಅಂತರವನ್ನು ಎಣಿಸುತ್ತದೆ. ಆ ಅಂತರ 12 ಅಂಶ ಹೆಚ್ಚಿದರೆ ಒಂದು ತಿಥಿ. ಹನ್ನೆರಡು ಚಾಂದ್ರಮಾಸಗಳಿಗೆ ಸುಮಾರು 354 ದಿನಗಳು. ಹೀಗೆ ವರ್ಷಕ್ಕೆ ಸುಮಾರು 11 ದಿನ ಹಿಂದೆ ಬೀಳುವ ಲೆಕ್ಕವನ್ನು ಅಧಿಕಮಾಸವು ಸರಿದೂಗಿಸುತ್ತದೆ. 2023ರಲ್ಲಿ ಮಾರ್ಚ್ 22ರಂದು ಬಂದಿದ್ದ ಯುಗಾದಿ, ನಡುವೆ ಅಧಿಕ ಶ್ರಾವಣ ಬಂದುದರಿಂದ 2024ರಲ್ಲಿ ಏಪ್ರಿಲ್ 9ಕ್ಕೆ ಸರಿಯಿತು. 2025ರಲ್ಲಿ ಮರಳಿ ಮಾರ್ಚ್ 30ಕ್ಕೆ ಬಂದಿತು.

ತೊಡಕು ಹೆಚ್ಚಾಗಿ ಹುಟ್ಟುವುದು ಹಬ್ಬದಲ್ಲಲ್ಲ, ಹಿರಿಯರ ಶ್ರಾದ್ಧದಲ್ಲಿ. ಮೈಸೂರಿನ ಅಣ್ಣ ತಿಥಿಯನ್ನು ಹಿಡಿಯುತ್ತಾನೆ. ಮಾನಂದವಾಡಿಯ ತಮ್ಮ ಕೇರಳದ ಅನೇಕ ಮನೆಗಳ ವಾಡಿಕೆಯಂತೆ ನಕ್ಷತ್ರವನ್ನು ಹಿಡಿಯುತ್ತಾನೆ. ದೂರದ ಊರಿನಲ್ಲಿರುವ ತಂಗಿಗೆ ಇಂಗ್ಲಿಷ್ ತಾರೀಖು ಮಾತ್ರ ನೆನಪು. ಒಬ್ಬ ತಂದೆಗೆ ಮೂರು ದಿನ! ಈ ಕಾರಣಕ್ಕೆ ಅಣ್ಣತಮ್ಮಂದಿರು ಒಂದು ಪಂಕ್ತಿಯಲ್ಲಿ ಕುಳಿತು ಉಣ್ಣದಂತಾಗುವುದು ವಿಷಾದದ ಸಂಗತಿ.

ಒಂದೇ ಪಂಚಾಂಗವನ್ನು ನೋಡಿದವರೂ ಬೇರೆ ಬೇರೆ ದಿನ ಹೇಳುವುದುಂಟು. ಒಂದು ತಿಥಿಯ ಅವಧಿ ಸುಮಾರು 19ರಿಂದ 26 ಗಂಟೆಗಳವರೆಗೆ ಏರಿಳಿಯುತ್ತದೆ. ಅದು ದಿನದ ಯಾವ ಹೊತ್ತಿನಲ್ಲಾದರೂ ತೊಡಗಬಹುದು. ಯುಗಾದಿಗೆ ಸೂರ್ಯೋದಯದ ತಿಥಿ ಮುಖ್ಯ, ಗಣೇಶನ ಚೌತಿಗೆ ಮಧ್ಯಾಹ್ನದ್ದು, ವಾರ್ಷಿಕ ಶ್ರಾದ್ಧಕ್ಕೆ ಅಪರಾಹ್ನದ್ದು. ಆದ್ದರಿಂದ ತಾರೀಖಿನ ಕೆಳಗೆ ಅಚ್ಚಾದ ತಿಥಿಯ ಹೆಸರಷ್ಟೇ ಸಾಲದು. ಅದು ಮುಗಿಯುವ ವೇಳೆಯನ್ನೂ ಓದಬೇಕು.

ರಾಹುಕಾಲದ ಮಾತೂ ಹೀಗೆಯೇ. ಸೋಮವಾರ ಬೆಳಗ್ಗೆ ಏಳೂವರೆಯಿಂದ ಒಂಬತ್ತು ಎಂಬ ಬಾಯಿಪಾಠವು, ಸೂರ್ಯನು ಆರಕ್ಕೆ ಹುಟ್ಟಿ ಆರಕ್ಕೆ ಮುಳುಗುವನೆಂದು ಹಗಲನ್ನು ಎಂಟು ಪಾಲು ಮಾಡಿದ ಲೆಕ್ಕ. ಜನವರಿಯ ನಡುವೆ ವಯನಾಡಿನಲ್ಲಿ ಸೂರ್ಯೋದಯವೇ ಸುಮಾರು 6-50ಕ್ಕೆ. ಆಗ ಎರಡನೆಯ ಪಾಲು 8-15ರ ಸುಮಾರಿಗೆ ತೊಡಗಿ 9-40ರವರೆಗೆ ನಡೆಯುತ್ತದೆ. ಏಳೂವರೆಯ ಬಸ್ಸಿಗೆ ಹೊರಟ ಮಗನನ್ನು ಬಾಗಿಲಲ್ಲಿ ತಡೆಯುವ ತಾಯಂದಿರು ಇದನ್ನು ಗಮನಿಸಬೇಕು.

ಮನೆಯಲ್ಲಿ ಒಂದು ಪುಸ್ತಕವಿರಲಿ. ಜನನವಾಗಲಿ ಮರಣವಾಗಲಿ, ಊರು, ತಾರೀಖು, ಗಳಿಗೆ, ಚಾಂದ್ರಮಾಸ, ಪಕ್ಷ, ತಿಥಿ, ನಕ್ಷತ್ರ, ಮಲಯಾಳ ಮಾಸ ಇವಿಷ್ಟನ್ನೂ ಒಂದೇ ಸಾಲಿನಲ್ಲಿ ಬರೆದಿಡಿರಿ. ಕಾಲವಾದವರ ತಿಥಿಯನ್ನು ಬಲ್ಲ ಅಜ್ಜಿಯರು ಇನ್ನೂ ನಮ್ಮ ನಡುವೆ ಇದ್ದಾರೆ. ಈ ವಾರವೇ ಕೇಳಿ ಬರೆದುಕೊಳ್ಳಿರಿ. ಅನಂತರ ಯಾವ ಪದ್ಧತಿಯನ್ನು ಅನುಸರಿಸಬೇಕೆಂಬುದನ್ನು ಮನೆಯವರೆಲ್ಲ ಕೂಡಿ ಒಮ್ಮೆ ನಿಶ್ಚಯಿಸಿದರೆ, ಗಡಿಯ ಆಚೆಯಲ್ಲಿಯೂ ಈಚೆಯಲ್ಲಿಯೂ ಎಲೆ ಹಾಕುವ ದಿನ ಒಂದೇ ಆಗುತ್ತದೆ.