ಗಾಡಿ ಓಡಿಸುವವನ ಕಣ್ಣು ಯಾರ ಹೊಣೆ?

ಬಾಡಿಗೆ ಗಾಡಿ ಓಡಿಸುವವನು ಲೈಸೆನ್ಸು ನವೀಕರಿಸಬೇಕಾದರೆ ಡಾಕ್ಟರು ರುಜು ಹಾಕಿದ 1ಎ ನಮೂನೆಯನ್ನು ಸಲ್ಲಿಸಬೇಕು. 25 ಮೀಟರು ದೂರದ ಮೋಟಾರಿನ ನಂಬರ್ ಪ್ಲೇಟನ್ನು ಒಳ್ಳೆಯ ಹಗಲು ಬೆಳಕಿನಲ್ಲಿ ಈತ ಗುರುತಿಸಬಲ್ಲನೇ ಎಂಬುದು ಅದರಲ್ಲಿನ ಒಂದು ಪ್ರಶ್ನೆ. ಪ್ರಶ್ನೆಯೇನೋ ಸರಿಯೆ. ಆದರೆ ರಾತ್ರಿ ಹನ್ನೊಂದು ಗಂಟೆಗೆ ಹಲಸೂರಿನಿಂದ ಹಳೇ ಮದ್ರಾಸು ರಸ್ತೆ ಹಿಡಿದು ಕೆ.ಆರ್. ಪುರಕ್ಕೆ ಹೋಗುವವನಿಗೆ ಆ ಹಗಲು ಬೆಳಕನ್ನು ಯಾರು ತಂದುಕೊಡುತ್ತಾರೆ?

ಲೆಕ್ಕ ಹಾಕಿ ನೋಡೋಣ. ಗಂಟೆಗೆ 40 ಕಿಲೋಮೀಟರು ವೇಗದ ಗಾಡಿ ಒಂದು ಸೆಕೆಂಡಿಗೆ 11 ಮೀಟರು ಸಾಗುತ್ತದೆ. ಅಂದರೆ 25 ಮೀಟರಿಗೆ ಎರಡು ಸೆಕೆಂಡಿಗಿಂತ ತುಸು ಹೆಚ್ಚು. ವೇಗ 60 ಆದರೆ ಒಂದೂವರೆ ಸೆಕೆಂಡು ಮಾತ್ರ. ಅಷ್ಟರಲ್ಲಿ ಕಾಣಬೇಕು, ತಿಳಿಯಬೇಕು, ಬ್ರೇಕು ತುಳಿಯಬೇಕು. ಎದುರಿನ ಲಾರಿಯ ದೀಪ ಕಣ್ಣಿಗೆ ಹೊಡೆದರಂತೂ ಅದೂ ಇಲ್ಲ.

ಕಣ್ಣು ಒಂದೇ ದಿನಕ್ಕೆ ಕೆಡುವುದಿಲ್ಲ. ಪೊರೆ ಬೆಳೆಯುತ್ತಿದ್ದರೆ ರಾತ್ರಿ ದೀಪಗಳ ಸುತ್ತ ಪ್ರಭೆ ಕಾಣಿಸುತ್ತದೆ. ಗ್ಲಾಕೋಮ ಬಹುಮಟ್ಟಿಗೆ ನೋವಿಲ್ಲದೆಯೇ ಪಕ್ಕದ ನೋಟವನ್ನು ಕಸಿಯುತ್ತದೆ. ಶಿವಾಜಿನಗರದ ಗಲ್ಲಿಯಿಂದ ಮಗುವೊಂದು ಓಡಿ ಬರುವುದು ಆ ಪಕ್ಕದಿಂದಲೇ. ಸಕ್ಕರೆ ಕಾಯಿಲೆ ಕಣ್ಣಿನ ಒಳಪರದೆಯನ್ನು ತಿನ್ನುತ್ತಿದ್ದರೂ ಮೊದಮೊದಲು ತಿಳಿಯುವುದೇ ಇಲ್ಲ. ಕಣ್ಣು ಕೆಟ್ಟ ಮೇಲೆ ಸೂರ್ಯನಮಸ್ಕಾರ ಮಾಡಿ ಫಲವೇನು?

ಹಾಗಾದರೆ ಇವರು ಪರೀಕ್ಷೆ ಮಾಡಿಸುವುದಿಲ್ಲವೇಕೆ? ಆಸ್ಪತ್ರೆಗಳಿಲ್ಲವೆಂದಲ್ಲ. ಶಿವಾಜಿನಗರದಲ್ಲೇ ಬೌರಿಂಗ್ ಆಸ್ಪತ್ರೆಯಿದೆ. 1896ರಲ್ಲಿ ಆರಂಭವಾದ ಮಿಂಟೋ ಕಣ್ಣಾಸ್ಪತ್ರೆ ಊರಿಗೆಲ್ಲ ಗೊತ್ತು. ಇಲ್ಲದಿರುವುದು ಬಿಡುವು. ಪಾಪೆ ಹಿಗ್ಗಲು ಹನಿ ಹಾಕಿಸಿಕೊಂಡವನು ಕೆಲವು ಗಂಟೆ ಗಾಡಿ ಮುಟ್ಟುವಂತಿಲ್ಲ. ಬಾಡಿಗೆ ಆಟೋದವನಿಗೆ ಅಂದಿನ ದುಡಿಮೆ ಹೋಯಿತು. ಮಾಲೀಕನಿಗೆ ಕಟ್ಟುವ ಬಾಡಿಗೆ ಮಾತ್ರ ನಿಲ್ಲಲಿಲ್ಲ. ಜೊತೆಗೆ, ದೋಷ ಕಂಡರೆ ಲೈಸೆನ್ಸೇ ಹೋದೀತೆಂಬ ಭಯ. ಈ ಭಯವನ್ನು ಬಿಡಿಸಬೇಕು: ನೋಟದ ಬಹುಪಾಲು ದೋಷಗಳು ತಕ್ಕ ಕನ್ನಡಕದಿಂದ ತಿದ್ದುವಂಥವು, ಪೊರೆಗೆ ಶಸ್ತ್ರಚಿಕಿತ್ಸೆಯಿದೆ. ಬಚ್ಚಿಟ್ಟ ದೋಷವೇ ಅನ್ನ ಕಳೆಯುವುದು.

2019ರ ತಿದ್ದುಪಡಿಯಿಂದ ಈ ಲೈಸೆನ್ಸಿನ ಅವಧಿ 3 ವರ್ಷದಿಂದ 5 ವರ್ಷಕ್ಕೆ ಏರಿತು. ಕಚೇರಿಗೆ ಅಲೆದಾಟ ತಗ್ಗಿತು, ಸಂತೋಷ. ಆದರೆ ಆ ಐದು ವರ್ಷ ಅವನ ಕಣ್ಣು ಹೇಗಿದೆಯೆಂದು ಕೇಳುವವರೇ ಇಲ್ಲ. ಗಾಡಿಗೆ ಎಫ್‌ಸಿ ಇಲ್ಲದಿದ್ದರೆ ದಂಡ ಹಾಕುವ ಸರ್ಕಾರ, ಗಾಡಿ ನಡೆಸುವ ಕಣ್ಣಿನ ವಿಷಯದಲ್ಲಿ ಒಂದು ರುಜುವಿಗೇ ತೃಪ್ತಿಪಟ್ಟುಕೊಳ್ಳುವುದು ನ್ಯಾಯವೇ?

ನಾವು ಕೇಳುವುದಿಷ್ಟು. ಸಾರಿಗೆ ಕಚೇರಿಗಳಲ್ಲೂ ದೊಡ್ಡ ಆಟೋ ಸ್ಟ್ಯಾಂಡುಗಳಲ್ಲೂ ವರ್ಷಕ್ಕೊಮ್ಮೆ ಧರ್ಮಾರ್ಥ ಕಣ್ಣಿನ ತಪಾಸಣೆ ನಡೆಯಲಿ. ಕನ್ನಡಕ ಬೇಕಾದವರಿಗೆ ಸರ್ಕಾರವೇ ಕೊಡಿಸಲಿ. ಪರೀಕ್ಷೆಯ ದಿನದ ಬಾಡಿಗೆಯನ್ನು ಮಾಲೀಕರು ಬಿಟ್ಟುಕೊಡಲಿ. ಅಪಘಾತವಾದರೆ ಜಖಂ ಆಗುವುದು ಅವರ ಗಾಡಿಯೇ ಅಲ್ಲವೇ?

ಚಾಲಕ ಬಂಧುಗಳಲ್ಲೂ ಒಂದು ಮಾತು. ಸರ್ಕಾರ ಎಚ್ಚರಗೊಳ್ಳುವವರೆಗೆ ಕಾಯಬೇಡಿ. ನಲವತ್ತು ದಾಟಿದವರು, ಸಕ್ಕರೆ ಕಾಯಿಲೆಯವರು ವರ್ಷಕ್ಕೊಮ್ಮೆ ತೋರಿಸಿಕೊಳ್ಳಿ. ಫುಟ್‌ಪಾತಿನ ಸಿದ್ಧ ಕನ್ನಡಕ ಓದುವುದಕ್ಕೆ ಹೊರತು ರಸ್ತೆ ನೋಡುವುದಕ್ಕಲ್ಲ. ಮುಂದಿನ ಗಾಜನ್ನು ಒಳಗೂ ಹೊರಗೂ ಒರೆಸಿ. ಕಣ್ಣು ಮಂಜಾದರೆ ಗಾಡಿಯನ್ನು ಬದಿಗೆ ನಿಲ್ಲಿಸಿ. ಇಂದು ಒಂದು ಬಾಡಿಗೆ ತಪ್ಪಿದರೆ ನಾಳೆ ದುಡಿಯಬಹುದು.