ಆಡಿದ ಮೇಲೆ ಬರೆಯಿರಿ: ಆರ್‌ಪಿಜಿ ಬಳಗಕ್ಕೊಂದು ಮನವಿ

ಮೇಜಿನ ಸುತ್ತ ಕೂತು, ಪಾತ್ರ ಕಟ್ಟಿಕೊಂಡು, ಕಥೆ ಆಡುವ ಗೆಳೆಯರಲ್ಲಿ, ಆ ಆಟದ ಪುಸ್ತಕ ಮಾರುವ ಅಂಗಡಿಯವರಲ್ಲಿ, ಅವುಗಳ ಬಗ್ಗೆ ಬರೆಯುವವರಲ್ಲಿ ನನ್ನದೊಂದು ಕೋರಿಕೆ ಇದೆ. ಎಷ್ಟು ಮಾರಾಟವಾಯಿತು ಎಂಬ ಲೆಕ್ಕ ತೋರಿಸಿ ಒಂದು ಆಟ ಒಳ್ಳೆಯದು, ಇನ್ನೊಂದು ಕೆಟ್ಟದ್ದು ಎಂದು ತೀರ್ಪು ಕೊಡುವುದನ್ನು ಬಿಡೋಣ. ವಿಮರ್ಶೆ ಬರೆಯುವ ಮುನ್ನ ಒಮ್ಮೆಯಾದರೂ ಆಡೋಣ. ಆಡಿಲ್ಲವಾದರೆ ಆಡಿಲ್ಲ ಎಂದು ಮೊದಲ ಸಾಲಿನಲ್ಲೇ ಹೇಳಿಬಿಡೋಣ.

ಆರ್‌ಪಿಜಿ ಎಂಬ ಈ ಪಾತ್ರ ವಹಿಸುವ ಆಟ ಗೊತ್ತಿಲ್ಲದವರಿಗೆ ನಾಲ್ಕು ಮಾತು. ಒಬ್ಬರು ಕಥೆ ನಡೆಸುತ್ತಾರೆ, ಉಳಿದ ಮೂರೋ ನಾಲ್ಕೋ ಮಂದಿ ಒಂದೊಂದು ಪಾತ್ರವಾಗುತ್ತಾರೆ. "ಬಾಗಿಲಿಗೆ ಕಿವಿಗೊಟ್ಟು ಕೇಳ್ತೀನಿ" ಅನ್ನುತ್ತಾಳೆ ಒಬ್ಬಳು. ಕಥೆ ನಡೆಸುವವರು ಮನಸ್ಸಿನಲ್ಲೇ 15 ಎಂದು ಗುರಿ ಇಟ್ಟುಕೊಂಡು ದಾಳ ಹಾಕಿಸುತ್ತಾರೆ. ಇಪ್ಪತ್ತು ಮುಖದ ದಾಳ ಉರುಳಿ 11 ಬೀಳುತ್ತದೆ. ಪಾತ್ರದ ಚುರುಕುತನಕ್ಕೆ ಇನ್ನೊಂದು 5 ಸೇರಿ 16. ಒಳಗೆ ಇಬ್ಬರು ಪಿಸುಗುಟ್ಟುವುದು ಕೇಳಿಸುತ್ತದೆ. "ಅದರಲ್ಲೊಂದು ನಮ್ಮಣ್ಣನ ದನಿ" ಎಂದು ಅವಳು ಸೇರಿಸುತ್ತಾಳೆ. ಅಣ್ಣನೊಬ್ಬ ಇದ್ದಾನೆಂಬುದೇ ಅಲ್ಲಿಯವರೆಗೆ ಯಾರಿಗೂ ಗೊತ್ತಿರುವುದಿಲ್ಲ. ಕಥೆ ನಡೆಸುವವರು ಅದನ್ನು ಒಪ್ಪಿದರೆ ಸಂಜೆಯ ಆಟವೇ ಬೇರೆ ದಿಕ್ಕು ಹಿಡಿಯುತ್ತದೆ. ಇದು ಯಾವ ಪುಸ್ತಕದಲ್ಲೂ ಅಚ್ಚಾಗಿರುವುದಿಲ್ಲ. ಪ್ರಸಂಗದ ಪದ್ಯಗಳನ್ನಷ್ಟೇ ಓದಿ ತಾಳಮದ್ದಳೆಯ ಅರ್ಥಗಾರಿಕೆ ಹೇಗಿತ್ತೆಂದು ಬರೆಯಲು ಬರುತ್ತದೆಯೇ? ನಿಯಮದ ಪುಸ್ತಕ ತಿರುವಿಹಾಕಿ, ಚಿತ್ರ ಚೆನ್ನಾಗಿದೆ, ಕಾಗದ ದಪ್ಪವಾಗಿದೆ ಎಂದು ಬರೆದು ಐದಕ್ಕೆ ಐದು ಅಂಕ ಕೊಡುವ ವಿಮರ್ಶೆಗಳಲ್ಲಿ ಇದೇ ಕೊರತೆ.

ಇನ್ನು ಮಾರಾಟದ ಮಾತು. ಅಮೆರಿಕದ ವಿಸ್ಕಾನ್ಸಿನ್‌ನ ಲೇಕ್ ಜಿನೀವಾ ಎಂಬ ಊರಿನಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಗೆಳೆಯರು ಟಿಎಸ್‌ಆರ್ ಕಂಪನಿ ಕಟ್ಟಿದರು. ಗೈಗ್ಯಾಕ್ಸ್ ಮತ್ತು ಡೇವ್ ಆರ್ನ್‌ಸನ್ ರಚಿಸಿದ 'ಡಂಜನ್ಸ್ ಅಂಡ್ ಡ್ರಾಗನ್ಸ್' (ಡಿ ಅಂಡ್ ಡಿ) 1974ರಲ್ಲಿ ಮೊದಲು ಬಂದಾಗ ಅಚ್ಚಾದದ್ದು 1000 ಪೆಟ್ಟಿಗೆ ಮಾತ್ರ. ಅದೇ ಟಿಎಸ್‌ಆರ್ 1990ರ ದಶಕದಲ್ಲಿ ಪುಸ್ತಕದ ಮೇಲೆ ಪುಸ್ತಕ ಹೊರತಂದಿತು. ಪುಸ್ತಕದಂಗಡಿಗಳಿಗೆ ಹಂಚುತ್ತಿದ್ದುದು ರ‍್ಯಾಂಡಮ್ ಹೌಸ್. ಸರಕು ಗೋದಾಮು ಬಿಟ್ಟು ಹೊರಟ ಕೂಡಲೇ ಟಿಎಸ್‌ಆರ್‌ಗೆ ಹಣ ಬರುತ್ತಿತ್ತು. ಮಾರಾಟವಾಗದೆ ಹಿಂತಿರುಗಿದ ಪುಸ್ತಕಗಳ ಹಣವನ್ನು ವಾಪಸು ಕೊಡಬೇಕಿತ್ತು. ಲೆಕ್ಕದ ಪುಸ್ತಕದಲ್ಲಿ ವಹಿವಾಟು ಜೋರಾಗಿ ಕಾಣುತ್ತಿದ್ದಾಗಲೇ ಅಂಗಡಿಗಳಲ್ಲಿ ಕಟ್ಟುಗಳು ಹಾಗೇ ಬಿದ್ದಿದ್ದವು. ಅವೆಲ್ಲ ಹಿಂದಕ್ಕೆ ಬಂದಾಗ ಮುದ್ರಕರ ಬಾಕಿ ತೀರಿಸಲೂ ಹಣವಿರಲಿಲ್ಲ. 1997ರಲ್ಲಿ ಕಂಪನಿ ವಿಝರ್ಡ್ಸ್ ಆಫ್ ದ ಕೋಸ್ಟ್ ಎಂಬ ಸಂಸ್ಥೆಯ ಪಾಲಾಯಿತು. 'ಮಾರಾಟ' ಎಂದು ಯಾರಾದರೂ ಅಂಕಿ ಹೇಳಿದಾಗ ಕೇಳಬೇಕಾದ ಮೊದಲ ಪ್ರಶ್ನೆ ಇಲ್ಲಿದೆ: ಅಂಗಡಿಗೆ ಹೋದದ್ದೋ, ಆಟಗಾರರ ಮನೆಗೆ ಹೋದದ್ದೋ?

ಎರಡನೆಯ ಪ್ರಶ್ನೆ, ಎಣಿಸಿದವರು ಯಾರು ಎಂಬುದು. 2008ರಲ್ಲಿ ಡಿ ಅಂಡ್ ಡಿಯ ನಾಲ್ಕನೇ ಆವೃತ್ತಿ ಬಂತು. ಮೂರನೇ ಆವೃತ್ತಿಯ ಮುಕ್ತ ಪರವಾನಗಿಯನ್ನು ಬಳಸಿಕೊಂಡು ಪೈಝೋ ಸಂಸ್ಥೆ 2009ರಲ್ಲಿ 'ಪಾತ್‌ಫೈಂಡರ್' ತಂದಿತು. 2011ರಲ್ಲಿ ಐಸಿವಿ2 ಎಂಬ ವ್ಯಾಪಾರ ಪತ್ರಿಕೆಯ ಪಟ್ಟಿಯಲ್ಲಿ ಪಾತ್‌ಫೈಂಡರ್ ಒಂದನೇ ಸ್ಥಾನಕ್ಕೇರಿದ್ದೇ ತಡ, ನಾಲ್ಕನೇ ಆವೃತ್ತಿ ಸತ್ತೇ ಹೋಯಿತು ಎಂಬ ವಾದ ಎದ್ದಿತು. ಆ ಪಟ್ಟಿ ತಯಾರಾಗುವುದು ಅಂಗಡಿಯವರು, ವಿತರಕರು, ಪ್ರಕಾಶಕರನ್ನು ಮಾತನಾಡಿಸಿ. ಅದರಲ್ಲಿರುವುದು ಸ್ಥಾನ, ಎಷ್ಟು ಪ್ರತಿ ಎಂಬ ಸಂಖ್ಯೆ ಇಲ್ಲ. ಪೈಝೋ ತನ್ನ ಚಂದಾದಾರರಿಗೆ ನೇರವಾಗಿ ಕಳಿಸುತ್ತಿದ್ದ ಪುಸ್ತಕಗಳಾಗಲಿ, ಡಿ ಅಂಡ್ ಡಿಯ ಆನ್‌ಲೈನ್ ಸಲಕರಣೆಗಳ ಚಂದಾ ಹಣವಾಗಲಿ ಅಂಗಡಿಯ ಗಲ್ಲಾಪೆಟ್ಟಿಗೆಗೆ ಬರುತ್ತಲೇ ಇರಲಿಲ್ಲ. ಪಟ್ಟಿ ಸುಳ್ಳೆಂದು ನಾನು ಹೇಳುತ್ತಿಲ್ಲ. ಅದು ಅಂಗಡಿಗಳ ಸ್ಥಿತಿ ತಿಳಿಸುವ ಪಟ್ಟಿ, ಅಷ್ಟಕ್ಕೇ ಅದನ್ನು ಬಳಸಬೇಕು.

ಆ ನಾಲ್ಕನೇ ಆವೃತ್ತಿಗೆ ಆದ ಅನ್ಯಾಯ ನನ್ನನ್ನು ಈಗಲೂ ಕಾಡುತ್ತದೆ. ವಿಡಿಯೊ ಗೇಮಿನ ಹಾಗಿದೆ ಎಂಬ ಒಂದೇ ಮಾತು ಬಾಯಿಂದ ಬಾಯಿಗೆ ಹರಡಿತು. ಕಾಳಗಗಳು ಗಂಟೆಗಟ್ಟಲೆ ಎಳೆಯುತ್ತವೆ ಎಂಬ ದೂರು ಆಡಿದವರಿಂದಲೇ ಬಂದದ್ದು, ನ್ಯಾಯವಾದದ್ದು. ಆದರೆ ಯೋಧನಿಗೂ ಮಾಂತ್ರಿಕನಿಗೂ ಪ್ರತಿ ಸರದಿಯಲ್ಲಿ ಸಮಾನ ಆಯ್ಕೆಗಳಿರಬೇಕೆಂದು ಅದು ಪಟ್ಟ ಶ್ರಮವನ್ನು ಮೆಚ್ಚಿ ಬರೆದವರ ದನಿ ಮಾರಾಟದ ಜಗಳದಲ್ಲಿ ಮುಳುಗಿತು. 2019ರ 'ಲ್ಯಾನ್ಸರ್' ಆಡಿದವರಿಗೆ ಗೊತ್ತು, ಅದರ ಯಂತ್ರಯುದ್ಧದ ನಿಯಮಗಳಲ್ಲಿ ಆ ಶ್ರಮ ಹೇಗೆ ಫಲ ಕೊಟ್ಟಿದೆ ಎಂದು.

ಜನಪ್ರಿಯವಾದದ್ದೆಲ್ಲ ಕಳಪೆ ಎಂಬ ಎದುರು ಗುಂಪಿನ ಹಟವೂ ಅಷ್ಟೇ ತಪ್ಪು. 2014ರ ಐದನೇ ಆವೃತ್ತಿ ಲಕ್ಷಾಂತರ ಜನರನ್ನು ಈ ಆಟಕ್ಕೆ ತಂದಿತು. 'ಕ್ರಿಟಿಕಲ್ ರೋಲ್' ಕಾರ್ಯಕ್ರಮ, 'ಸ್ಟ್ರೇಂಜರ್ ಥಿಂಗ್ಸ್' ಸರಣಿ ಅದಕ್ಕೆ ನೆರವಾದವು, ನಿಜ. ಬಂದವರು ಉಳಿದುಕೊಂಡದ್ದು ಮಾತ್ರ ನಿಯಮಗಳು ಹೊಸಬರ ಕೈಗೆ ಸುಲಭವಾಗಿ ಒಗ್ಗಿದ್ದರಿಂದ ಎಂದು ನಾನು ನಂಬುತ್ತೇನೆ. ಹೆಚ್ಚು ಮಾರಾಟವಾದ ಆಟಕ್ಕೆ ಜೊತೆಗಾರರು ಬೇಗ ಸಿಗುತ್ತಾರೆ. ಬೆಂಗಳೂರಿಗೆ ಹೊಸದಾಗಿ ಬಂದು ಬೋರ್ಡ್‌ಗೇಮ್ ಕೆಫೆಯಲ್ಲಿ ಗುಂಪು ಹುಡುಕುವ ಹುಡುಗನಿಗೆ ಅದು ಸಣ್ಣ ಸಂಗತಿಯಲ್ಲ. ಇತ್ತ ವಿನ್ಸೆಂಟ್ ಮತ್ತು ಮೆಗ್ವಿ ಬೇಕರ್ ದಂಪತಿ 2010ರಲ್ಲಿ ತಾವೇ ಪ್ರಕಟಿಸಿದ 'ಅಪಾಕಲಿಪ್ಸ್ ವರ್ಲ್ಡ್' ನೋಡಿ. ಅದರ ಚೌಕಟ್ಟಿನ ಮೇಲೆ ಕಟ್ಟಿದ 'ಅವತಾರ್ ಲೆಜೆಂಡ್ಸ್' 2021ರಲ್ಲಿ ಕಿಕ್‌ಸ್ಟಾರ್ಟರ್‌ನಲ್ಲಿ 95 ಲಕ್ಷ ಡಾಲರ್ ದಾಟಿತು. ಆ ಮೊತ್ತವೂ ಪೂರ್ತಿ ಪುಸ್ತಕ ಕೈಸೇರುವ ಮೊದಲೇ ಜನ ಕೊಟ್ಟದ್ದು. ನಂಬಿಕೆಯ ಲೆಕ್ಕ ಅದು, ಆಟ ಹೇಗಿತ್ತೆಂಬುದು ಆಮೇಲಿನ ವಿಚಾರ.

ಹಾಗಾಗಿ ಬರೆಯುವವರೇ, ನಾವು ಓದುಗರು ನಿಮ್ಮಿಂದ ಬಯಸುವುದು ಇಷ್ಟು. ಎಷ್ಟು ಸೆಷನ್ ಆಡಿದಿರಿ, ಎಷ್ಟು ಜನ ಇದ್ದಿರಿ, ಕಥೆ ನಡೆಸಿದಿರೋ ಪಾತ್ರವಾಗಿದ್ದಿರೋ ತಿಳಿಸಿ. ಯಾವ ನಿಯಮಕ್ಕಾಗಿ ಆಟ ನಿಲ್ಲಿಸಿ ಪುಟ ತಡಕಾಡಿದಿರಿ, ಯಾರು ಬೇಸತ್ತು ಫೋನ್ ಕೈಗೆತ್ತಿಕೊಂಡರು ಎಂಬುದನ್ನು ಮುಚ್ಚಿಡಬೇಡಿ. ಪುಸ್ತಕ ಪ್ರಕಾಶಕರಿಂದ ಉಚಿತವಾಗಿ ಬಂದಿದ್ದರೆ ಅದನ್ನೂ ಹೇಳಿ. ಅಂಗಡಿಯವರೇ, 'ಬೆಸ್ಟ್ ಸೆಲ್ಲರ್' ಎಂದು ಹಚ್ಚುವ ಚೀಟಿಯ ಪಕ್ಕದಲ್ಲಿ ಅದು ನಿಮ್ಮ ಅಂಗಡಿಯ ಲೆಕ್ಕವೋ ಬೇರೆಯವರದೋ ಬರೆಯಿರಿ. ಒಂದು ಪುಸ್ತಕಕ್ಕೆ ಸಾವಿರಾರು ರೂಪಾಯಿ ತೆರುವ ಕಾಲೇಜು ಹುಡುಗಿಗೆ ಅಷ್ಟು ತಿಳಿಯುವ ಹಕ್ಕಿದೆ.

ಕೊಳ್ಳುವವರೇ, ದುಡ್ಡು ಹಾಕುವ ಮೊದಲು ಆಡಿ ನೋಡಲು ದಾರಿಗಳಿವೆ. ಪಾತ್‌ಫೈಂಡರ್‌ನ ನಿಯಮಗಳು ಆರ್ಕೈವ್ಸ್ ಆಫ್ ನೇಥಿಸ್ ಎಂಬ ಜಾಲತಾಣದಲ್ಲಿ ಉಚಿತವಾಗಿ ಓದಲು ಸಿಗುತ್ತವೆ. ಡಿ ಅಂಡ್ ಡಿ ಐದನೇ ಆವೃತ್ತಿಯ ಮೂಲ ನಿಯಮಗಳ ಕೈಪಿಡಿ 2023ರ ಜನವರಿಯಿಂದ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿದೆ. ಮೂಲವನ್ನು ಹೆಸರಿಸಿದರೆ ಸಾಕು, ಅದನ್ನು ಕನ್ನಡಕ್ಕೆ ತಂದು ಹಂಚಲು ಯಾರ ಅಪ್ಪಣೆಯೂ ಬೇಡ. ನಿಮ್ಮ ಬಳಗ ಅದರಿಂದಲೇ ಶುರುಮಾಡಲಿ. ಕೆಲವು ವಾರ ಕೂತು ಆಡಿ, ಆಮೇಲೆ ಒಂದು ಪುಟ ಕನ್ನಡದಲ್ಲಿ ಬರೆದು ನೀವು ಆಡುವ ಕೆಫೆಯಲ್ಲೋ ಕಾಲೇಜಿನ ನೋಟಿಸ್ ಬೋರ್ಡಿನಲ್ಲೋ ಹಚ್ಚಿ. ಮುಂದಿನ ವಾರ ಪುಸ್ತಕ ಕೊಳ್ಳಲು ಹೊರಟವರಿಗೆ ಓದಲು ಸಿಗಲಿ.