ನಕಾಶೆಯಲ್ಲಿ ಕೇರಿ ಎಲ್ಲಿದೆ ಸ್ವಾಮಿ?



ಬೆಂಗಳೂರಿನಲ್ಲಿ ಬಡಾವಣೆಯ ಜಗಳ ನಡೆದೇ ಇದೆ. ಮಾಗಡಿ ರಸ್ತೆಗೂ ಮೈಸೂರು ರಸ್ತೆಗೂ ನಡುವೆ, ಕೊಮ್ಮಘಟ್ಟ, ಸೂಲಿಕೆರೆ, ಭೀಮನಕುಪ್ಪೆ ಮೊದಲಾದ 12 ಹಳ್ಳಿಗಳ 4,000ಕ್ಕೂ ಹೆಚ್ಚು ಎಕರೆಗೆ ಬಿ.ಡಿ.ಎ. 2008ರಲ್ಲಿ ಪ್ರಾಥಮಿಕ ಅಧಿಸೂಚನೆ, 2010ರಲ್ಲಿ ಅಂತಿಮ ಅಧಿಸೂಚನೆ ಹೊರಡಿಸಿತು. ನಾಡಪ್ರಭು ಕೆಂಪೇಗೌಡ ಬಡಾವಣೆ ಅಂತ ಹೆಸರಿಟ್ಟರು. 2016ರಲ್ಲಿ ಮೊದಲ ಕಂತಿನ 5,000 ಸೈಟು ಹಂಚಿದರು. ಅತ್ತ ಉತ್ತರಕ್ಕೆ ಇನ್ನೂ 17 ಹಳ್ಳಿ ಸೇರಿಸಿ ಶಿವರಾಮ ಕಾರಂತ ಬಡಾವಣೆ.

ಈ ಜಗಳದಲ್ಲಿ ಮೂರು ಗುಂಪಿನವರ ಮಾತು ಪೇಪರಿನಲ್ಲಿ ಬರುತ್ತದೆ. ಸೈಟು ಸಿಕ್ಕವರು ನೀರಿಲ್ಲ, ಕರೆಂಟಿಲ್ಲ, ಚರಂಡಿ ಇಲ್ಲ ಎಂದು ರೇರಾ ತನಕ ಹೋದರು. ಜಮೀನು ಹೋದವರು ಪರಿಹಾರ ಸಾಲದು ಎಂದು ಕೋರ್ಟಿಗೆ ಹೋದರು. ಮೂರನೆಯವರು ಕೆರೆ, ಮರ, ಹಕ್ಕಿ ಉಳಿಸಿ ಅನ್ನುವವರು. ಮೂವರ ಮಾತಿನಲ್ಲೂ ನ್ಯಾಯ ಇದೆ, ಇಲ್ಲ ಅನ್ನುವುದಿಲ್ಲ. ಆದರೆ ಈ 12 ಹಳ್ಳಿಗೂ 17 ಹಳ್ಳಿಗೂ ಒಂದೊಂದು ಕೇರಿ ಇರಲೇಬೇಕಲ್ಲ? ಕೇರಿ ಇಲ್ಲದ ಊರನ್ನು ಈ ದೇಶದಲ್ಲಿ ಯಾರಾದರೂ ಕಂಡಿದ್ದೀರಾ? ಆ ಕೇರಿಯವರು ಏನಾದರು ಅಂತ ಒಬ್ಬನೂ ಕೇಳಲಿಲ್ಲ.

ಲೆಕ್ಕ ನೋಡಿ. ಒಂದು ಎಕರೆ ಬಿಟ್ಟುಕೊಟ್ಟವನಿಗೆ ದುಡ್ಡು ಬೇಡವಾದರೆ, ಅಭಿವೃದ್ಧಿಪಡಿಸಿದ ಜಾಗದಲ್ಲಿ 9,583 ಚದರಡಿ. 30×40ರ ಲೆಕ್ಕದಲ್ಲಿ ಹೆಚ್ಚುಕಮ್ಮಿ ಎಂಟು ಸೈಟು. ಅದೇ ಎಕರೆಯಲ್ಲಿ ತಲೆಮಾರುಗಟ್ಟಲೆ ಉತ್ತು, ಕಳೆ ಕಿತ್ತು, ರಾಗಿ ಕೊಯ್ದವನಿಗೆ? ಸೊನ್ನೆ. ಅವನ ಹೆಸರು ಪಹಣಿಯಲ್ಲಿ ಇಲ್ಲ. ಸರ್ವೆಯವನು ಬಂದಾಗ ಕಲ್ಲು ಹೊತ್ತವನೂ ಅವನೇ, ಸರಪಳಿ ಹಿಡಿದವನೂ ಅವನೇ. ಅಳತೆ ಮುಗಿದ ಮೇಲೆ "ನೀ ಆಚೆ ನಡಿಯೋ" ಅನ್ನಿಸಿಕೊಂಡವನೂ ಅವನೇ.

ಕಾನೂನು ಇಲ್ಲವಾ ಅಂತ ಕೇಳುತ್ತೀರಿ. ಇದೆ. 2013ರ ಕೇಂದ್ರ ಭೂಸ್ವಾಧೀನ ಕಾಯ್ದೆ, ಆ ಜಮೀನಿನ ಮೇಲೆ ಮೂರು ವರ್ಷದಿಂದ ಬದುಕು ಕಟ್ಟಿಕೊಂಡ ಕೂಲಿಯವನನ್ನೂ ಬಾಧಿತ ಕುಟುಂಬ ಎಂದು ಒಪ್ಪಿಕೊಂಡಿದೆ. ಆದರೆ ಬಿ.ಡಿ.ಎ. ಜಮೀನು ಹಿಡಿಯುವುದು 1976ರ ತನ್ನದೇ ಕಾಯ್ದೆಯ ಕೆಳಗೆ. ಅದಕ್ಕೆ 2013ರ ಕಾಯ್ದೆ ಅನ್ವಯಿಸುವುದಿಲ್ಲ ಎಂದು 2022ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಹೇಳಿತು. ಅಂದರೆ ದೇಶದಲ್ಲಿ ಬೇರೆ ಕಡೆ ಕಾಗದದ ಮೇಲಾದರೂ ಸಿಗುವ ಹಕ್ಕು ಬೆಂಗಳೂರಿನ ಬಡಾವಣೆಯ ಬೇಲಿಯೊಳಗೆ ಸಿಗುವುದಿಲ್ಲ. ಸೈಟುದಾರರ ಸಭೆಯಲ್ಲಿ, ರೈತರ ಧರಣಿಯಲ್ಲಿ ಈ ಮಾತು ಎತ್ತಿದವರು ಎಷ್ಟು ಮಂದಿ?

ಇನ್ನು ನಮ್ಮವರ ಹೆಸರಿಗೇ ಇದ್ದ ಜಮೀನು. ಸರ್ಕಾರ ಮಂಜೂರು ಮಾಡಿದ ಎರಡೆಕರೆ ಗುಂಡುತೋಪು, ಗೋಮಾಳದ ಅಂಚು, ತೋಟಿ ತಳವಾರಿಕೆಯ ಇನಾಮ್ತಿ. ಕಲ್ಲು, ಕಳ್ಳಿ, ಏನೂ ಬೆಳೆಯದ ಜಾಗ ಅಂತಲೇ ಕೊಟ್ಟದ್ದು ಅದು. ಮಗಳ ಮದುವೆಗೆ ನೂರಿನ್ನೂರು ಸಾಲ, ಬೊಟ್ಟೊತ್ತಿದ ಒಂದು ಕಾಗದ, ಮುಗೀತು. ಅದಕ್ಕೇ 1978ರ ಪಿ.ಟಿ.ಸಿ.ಎಲ್. ಕಾಯ್ದೆ ಬಂತು. ಪರಿಶಿಷ್ಟರಿಗೆ ಮಂಜೂರಾದ ಜಮೀನನ್ನು ಷರತ್ತು ಮುರಿದು ಕೊಂಡಿದ್ದರೆ, ಸರ್ಕಾರದ ಅನುಮತಿಯಿಲ್ಲದೆ ಕೊಂಡಿದ್ದರೆ ಆ ಕ್ರಯ ಬಿದ್ದುಹೋಗುತ್ತದೆ, ಜಮೀನು ವಾಪಸು ಬರಬೇಕು. ಕೊಂಡವರೆಲ್ಲ ಸುಪ್ರೀಂ ಕೋರ್ಟಿಗೆ ಓಡಿದರು. 1984ರಲ್ಲಿ ಕೋರ್ಟು ಕಾಯ್ದೆಯನ್ನು ಎತ್ತಿಹಿಡಿಯಿತು. 2017ರಲ್ಲಿ ಅದೇ ಕೋರ್ಟು, ನ್ಯಾಯಯುತ ಅವಧಿಯೊಳಗೆ ಅರ್ಜಿ ಹಾಕಬೇಕು ಅಂದಿತು. ಎಷ್ಟೋ ಕೇಸು ಅಲ್ಲೇ ಬಿದ್ದುಹೋದವು. 2023ರಲ್ಲಿ ವಿಧಾನಮಂಡಲ ತಿದ್ದುಪಡಿ ತಂದು ಕಾಲಮಿತಿ ಇಲ್ಲ ಅಂದಿತು. ಆದರೂ "ಇಷ್ಟು ದಿನ ಏನು ಮಾಡುತ್ತಿದ್ದೆ" ಎಂಬ ಪ್ರಶ್ನೆ ಕೋರ್ಟುಗಳಲ್ಲಿ ನಿಂತಿಲ್ಲ. ಏನು ಮಾಡುತ್ತಿದ್ದ? ಕೊಂಡವನ ಹೊಲದಲ್ಲೇ ಕೂಲಿ ಮಾಡುತ್ತಿದ್ದ ಸ್ವಾಮಿ!

ಬಡಾವಣೆ ಬಂದಾಗ ಈ ಜಮೀನಿನ ಕಥೆ ಇನ್ನೂ ಬೇಗ ಮುಗಿಯುತ್ತದೆ. ಜಮೀನು ಬಿ.ಡಿ.ಎ. ವಶಕ್ಕೆ ಹೋಗಿ ರಸ್ತೆ ಬಿದ್ದ ಮೇಲೆ ವಾಪಸು ಅನ್ನುವ ಮಾತು ಬಹುಮಟ್ಟಿಗೆ ಸತ್ತಂತೆ. ಪರಿಹಾರ ಯಾರಿಗೆ ಅನ್ನುವ ಜಗಳ ಮಾತ್ರ ಉಳಿಯುತ್ತದೆ. ಪಹಣಿಯಲ್ಲಿ ಹೆಸರಿದ್ದವನು ಮೊದಲು ಹೋಗಿ ಕೈ ಚಾಚುತ್ತಾನೆ. ಇವನು ಸಾಗುವಳಿ ಚೀಟಿಯನ್ನು ಸೂರಿನ ಗಳದಲ್ಲಿ ಸಿಕ್ಕಿಸಿದ್ದೆನಲ್ಲ, ಎಲ್ಲಿ ಹೋಯ್ತು ಅಂತ ಹುಡುಕುತ್ತಿರುತ್ತಾನೆ.

"ನಗರಕ್ಕೆ ಜಾತಿ ಇಲ್ಲ ಕಣ್ರಯ್ಯ" ಎಂದು ಕಾಲೇಜಿನಲ್ಲಿ ಪಾಠ ಹೇಳುವವರಿದ್ದಾರೆ. ಬಸವನಗುಡಿ, ಮಲ್ಲೇಶ್ವರದ ಬ್ಲಾಕುಗಳನ್ನು ಜಾತಿ ಮತದ ಲೆಕ್ಕದಲ್ಲೇ ಹಂಚಲು ಯೋಜಿಸಿದ್ದನ್ನು ಅವರು ಓದಿಲ್ಲ. ಯೋಜಿತ ಬಡಾವಣೆ ಅನ್ನುವುದು ಈ ಊರಿಗೆ ಬಂದದ್ದೇ ಹಾಗೆ. ಈಗ ಅಷ್ಟು ಬಹಿರಂಗವಾಗಿ ಬರೆಯುವುದಿಲ್ಲ, ಬೆಲೆಯ ಚೀಟಿ ಅಂಟಿಸುತ್ತಾರೆ. ಮಾತನ್ನೇ ನೋಡಿ. ಅವರದ್ದು ಲೇಔಟು, ನಮ್ಮದು ಕಾಲೋನಿ. ನಗರ ಸುತ್ತಲೂ ಬೆಳೆದು ಊರನ್ನು ನುಂಗಿದರೂ ಎ.ಕೆ. ಕಾಲೋನಿ ಎಂಬ ಬೋರ್ಡು ಮಾತ್ರ ಕರಗುವುದಿಲ್ಲ. ಗ್ರಾಮಠಾಣದ ಗೆರೆಯಾಚೆ ಗುಡಿಸಲು ಹಾಕಿಕೊಂಡವನು ಬೆಳಗಾಗುವುದರೊಳಗೆ ಒತ್ತುವರಿದಾರ.

ಕಟ್ಟಿಕೊಟ್ಟ ಮನೆಯಾದರೂ ಉಳಿಯಿತಾ? ಕೋರಮಂಗಲದ ಮಗ್ಗುಲಲ್ಲೇ ಈಜಿಪುರ ಇದೆ. ಬಡವರಿಗೆಂದು ಪಾಲಿಕೆ ಕಟ್ಟಿಸಿದ 1,500ರಷ್ಟು ಮನೆಗಳು ಇಪ್ಪತ್ತು ವರ್ಷವೂ ಬಾಳಲಿಲ್ಲ. ಬ್ಲಾಕುಗಳು ಕುಸಿದವು. ಜನ ಅಲ್ಲೇ ತಗಡಿನ ಶೆಡ್ಡಿನಲ್ಲಿ ಬದುಕಿದರು. ಆಮೇಲೆ ಖಾಸಗಿ ಕಂಪನಿಯ ಜೊತೆ ಪಾಲುದಾರಿಕೆ ಬಂತು. ಜಾಗದ ಅರ್ಧದಷ್ಟು ಮಾಲಿಗೆ. 2013ರ ಜನವರಿಯ ಚಳಿಯಲ್ಲಿ ಬುಲ್ಡೋಜರು ಬಂತು, ಪೊಲೀಸರು ಬಂದರು. ಮಕ್ಕಳು ಮರಿ ಫುಟ್‌ಪಾತಿನ ಮೇಲೆ. ಹೊಸ ಬಡಾವಣೆ ಕಟ್ಟಲು ಊರು ಖಾಲಿ ಮಾಡಿಸುತ್ತಾರೆ, ಹಳೆ ಬಡಾವಣೆಗೆ ಬೆಲೆ ಬಂದರೆ ಅಲ್ಲಿಂದಲೂ ಖಾಲಿ ಮಾಡಿಸುತ್ತಾರೆ. ಬಡಾವಣೆಯ ಚರಂಡಿಗೆ ಮಾತ್ರ ನಾವು ಬೇಕು. 2017ರ ಮಾರ್ಚಿನಲ್ಲಿ ಸಿ.ವಿ. ರಾಮನ್ ನಗರದಲ್ಲಿ ಮ್ಯಾನ್‌ಹೋಲಿಗೆ ಇಳಿದ ಮೂವರು ಹೆಣವಾಗಿ ಮೇಲೆ ಬಂದರು.

ಹಾಗಾದರೆ ನಗರವೇ ಬೇಡವಾ? ಇಲ್ಲಿ ಕೆರೆ ಮರದ ಗೆಳೆಯರ ಜೊತೆ ನಮ್ಮ ಜಗಳ. ಹಳ್ಳಿ ಹೋಯಿತಲ್ಲಾ ಎಂದು ಅವರು ಅಳುತ್ತಾರೆ. ಯಾವ ಹಳ್ಳಿ? ಆ ಕೆರೆಯಲ್ಲಿ ನಮಗೆ ಬಿಂದಿಗೆ ಮುಳುಗಿಸಲು ಬಿಟ್ಟಿದ್ದರಾ? ಬಾಬಾಸಾಹೇಬರು ಹಳ್ಳಿ ಬಿಟ್ಟು ಪಟ್ಟಣಕ್ಕೆ ನಡೆಯಿರಿ ಅಂದದ್ದು ಸುಮ್ಮನೆ ಅಲ್ಲ. ನಮಗೆ ನಗರ ಬೇಕು. ಕೂಲಿಯ ಶೆಡ್ಡಾಗಿ ಬೇಡ, ಖಾತೆ ಪತ್ರ ಸಮೇತ ಬೇಕು. ಮೀಸಲಾತಿಯಲ್ಲಿ ಸೈಟು ಹಿಡಿದು ಗೇಟಿಗೆ ನಾಯಿ ಇದೆ ಅಂತ ಬೋರ್ಡು ಹಾಕಿಕೊಂಡು, ಕೇರಿಯ ಹುಡುಗ ಬಂದರೆ ಬಾಗಿಲು ಹಾಕಿಕೊಳ್ಳುವ ನಮ್ಮ ನೌಕರ ಅಣ್ಣಂದಿರಿಗೂ ಈ ಮಾತು ಮುಟ್ಟಲಿ.

ಹಾಸ್ಟೆಲಿನ ತಮ್ಮಂದಿರೆ, ತಂಗಿಯರೆ, ರಜೆಗೆ ಊರಿಗೆ ಹೋದಾಗ ಒಂದು ಕೆಲಸ ಮಾಡಿ. ಕೇರಿಯ ಮನೆಮನೆಗೆ ಹೋಗಿ ಸಾಗುವಳಿ ಚೀಟಿ ಕೇಳಿ. ಅಜ್ಜಿಯ ಟ್ರಂಕು ತೆಗೆಸಿ ನೋಡಿ. ಸರ್ವೆ ನಂಬರು ಬರೆದುಕೊಳ್ಳಿ, ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಿಂದ ಮಂಜೂರಾತಿಯ ನಕಲು ತೆಗೆಸಿ, ಈಗಿನ ಪಹಣಿಯಲ್ಲಿ ಯಾರ ಹೆಸರಿದೆ ಅಂತ ಜೋಡಿಸಿ ನೋಡಿ. ಹೆಸರು ಬೇರೆ ಇದ್ದರೆ ಪಿ.ಟಿ.ಸಿ.ಎಲ್. 5ನೇ ಕಲಮಿನ ಕೆಳಗೆ ಅಸಿಸ್ಟೆಂಟ್ ಕಮಿಷನರಿಗೆ ಅರ್ಜಿ. ಬಡಾವಣೆಯ ಸುದ್ದಿ ಕೇಳಿದ ಊರಾದರೆ ಒಂದು ದಿನವೂ ಕಾಯಬೇಡಿ, ಬ್ರೋಕರು ನಿಮಗಿಂತ ಮುಂಚೆ ಆ ಕಚೇರಿಗೆ ಹೋಗಿ ಬಂದಿರುತ್ತಾನೆ. ಜೊತೆಗೆ ಭೂಮಿ ಇಲ್ಲದ ಕೂಲಿ ಮನೆಗಳ ಪಟ್ಟಿ ಬೇರೆ ಮಾಡಿ. ಪ್ರತಿ ಬಡಾವಣೆಯಲ್ಲೂ ಆ ಮನೆಗಳಿಗೆ, ಹೆಂಗಸರ ಹೆಸರಿನಲ್ಲಿ, ಒಂದೊಂದು ಸೈಟು ಎಂದು ಬಿ.ಡಿ.ಎ. ಮುಂದೆ ಕೂರುವ ದಿನ ಆ ಪಟ್ಟಿ ನಮ್ಮ ಕೈಯಲ್ಲಿರಬೇಕು.